ಅಲ್ಲಾಡ್ತಿದೆ ಅಣ್ಣ

ಮೈದಾನದಲ್ಲಿ ನಮ್ಮ ರಿಮೋಟ್ ವಿಮಾನ ಹಾರಿಸಲು ಹೋದ ಭಾನುವಾರದಿಂದ ಒಂದೇ ಮಾತು ಕಿವಿಯಲ್ಲಿ ಕೂತಿದೆ. "ಏಲೆರಾನ್ ನೋಡಿದ್ಯಾ?" ಅಂತ ಅಣ್ಣ ಕೇಳಿದರು. ರೆಕ್ಕೆಯ ಹಿಂಬದಿಯ ಅಂಚಿನಲ್ಲಿ ಮೇಲೆ ಕೆಳಗೆ ಆಡುವ ಪಟ್ಟಿ ಅದು. "ಹ್ಞೂಂ ಅಣ್ಣ, ಅಲ್ಲಾಡ್ತಿದೆ" ಅಂದೆ. ಒಂದು ನಿಮಿಷ ಕಳೆಯುವಷ್ಟರಲ್ಲಿ ವಿಮಾನ ಮೂಗು ಕೆಳಗಾಗಿ ಮಣ್ಣಲ್ಲಿತ್ತು.

ಹಿಂದಿನ ರಾತ್ರಿ ಸರ್ವೊ, ಅಂದರೆ ಆ ಪಟ್ಟಿಗಳನ್ನು ಆಡಿಸುವ ಪುಟ್ಟ ಮೋಟರ್, ಬದಲಿಸಿದ್ದೆ. ಹಳೆಯದರ ಪ್ಲಾಸ್ಟಿಕ್ ಗಿಯರಿನ ಹಲ್ಲು ಸವೆದಿತ್ತು. ನಮ್ಮ ವಿಮಾನದಲ್ಲಿ ರೆಕ್ಕೆಯ ನಡುವೆ ಒಂದೇ ಸರ್ವೊ, ಎರಡೂ ಕಡೆಗೆ ತಂತಿ. ಒಂದು ಏಲೆರಾನ್ ಎದ್ದರೆ ಇನ್ನೊಂದು ಇಳಿಯುತ್ತದೆ. ಹೊಸದು ಬೇರೆ ಕಂಪನಿಯದು. ಕಂಪನಿ ಬದಲಾದರೆ ಸರ್ವೊ ತಿರುಗುವ ದಿಕ್ಕೂ ಬದಲಾಗಬಹುದು. ಕೈಯಲ್ಲಿ ಹಿಡಿಯುವ ಟ್ರಾನ್ಸ್‌ಮಿಟರಿನಲ್ಲಿ ಆ ದಿಕ್ಕನ್ನು ಉಲ್ಟಾ ಮಾಡುವ ರಿವರ್ಸ್ ಇಟ್ಟಿರುವುದೇ ಅದಕ್ಕೆ. ಇದೆಲ್ಲ ನನಗೆ ಗೊತ್ತಿತ್ತು. ಆದರೂ ಬೆಳಿಗ್ಗೆ ಸ್ಟಿಕ್ ಆಡಿಸಿದಾಗ ಪಟ್ಟಿಗಳು ಚಕಚಕ ಅಂತ ಆಡಿದ್ದಷ್ಟೇ ನೋಡಿದೆ.

ಅಕ್ಕನ ಮಗ ಓಡಿ ಬಂದು ವಿಮಾನ ಎಸೆದ. ಎಡ ರೆಕ್ಕೆ ಸ್ವಲ್ಪ ವಾಲಿತು. ಸ್ಟಿಕ್ ಬಲಕ್ಕೆ ತಳ್ಳಿದೆ. ಇನ್ನೂ ವಾಲಿತು. ಮತ್ತೂ ಜಾಸ್ತಿ ತಳ್ಳಿದೆ. ಬಲಕ್ಕೆ ತಳ್ಳಿದಾಗ ಬಲಗಡೆ ಏಲೆರಾನ್ ಮೇಲೇಳಬೇಕು. ಆಗ ಆ ರೆಕ್ಕೆಯನ್ನು ಎತ್ತುವ ಬಲ, ಲಿಫ್ಟ್, ಕಮ್ಮಿಯಾಗಿ ಅದು ತಗ್ಗುತ್ತದೆ, ಎಡದ್ದು ಏಳುತ್ತದೆ. ನಮ್ಮದರಲ್ಲಿ ಪೂರ್ತಿ ಉಲ್ಟಾ. ಉಳಿಸಿಕೊಳ್ಳಲು ನಾನು ತಳ್ಳಿದಷ್ಟೂ ಅದನ್ನು ಮಗುಚುತ್ತಿದ್ದೆ.

ಪಕ್ಕದಲ್ಲಿದ್ದವರೊಬ್ಬರು "ಸಿಗ್ನಲ್ ಹೋಗಿರ್ಬೇಕು ಬಿಡಿ" ಅಂದರು. ಒಳ್ಳೆ ಮನಸ್ಸಿನವರು, ಆದರೆ ಈ ಮಾತು ನನಗೆ ಹಿಡಿಸುವುದಿಲ್ಲ. ಸಿಗ್ನಲ್ ಹೋಗಿದ್ದರೆ ರಿಸೀವರಿನ ಫೇಲ್‌ಸೇಫ್ ಮೋಟರನ್ನು ನಿಲ್ಲಿಸುತ್ತಿತ್ತು. ಹಾಗಂತ ನಾನೇ ಸೆಟ್ ಮಾಡಿದ್ದೆ. ಮೋಟರ್ ನೆಲ ಮುಟ್ಟುವ ತನಕ ಕಿರುಚುತ್ತಲೇ ಇತ್ತು. ತಪ್ಪನ್ನು ಸಿಗ್ನಲ್ ಮೇಲೆ ಹಾಕಿಬಿಟ್ಟರೆ ಮುಂದಿನ ವಾರವೂ ಅದೇ ತಪ್ಪು.

ಅಣ್ಣ ಏನೂ ಅನ್ನಲಿಲ್ಲ. ಮೊದಲು ಬ್ಯಾಟರಿ ಬಿಚ್ಚಿಸಿದರು. ಮೂರು ಸೆಲ್‌ನ ಲಿಪೊ, ಅಂದರೆ ಲಿಥಿಯಂ ಪಾಲಿಮರ್ ಬ್ಯಾಟರಿ, ಒಂದು ಮೂಲೆ ಹೆಬ್ಬೆರಳಷ್ಟು ತಗ್ಗಿತ್ತು. ಏಟು ಬಿದ್ದ ಲಿಪೊ ಸ್ವಲ್ಪ ಹೊತ್ತು ಬಿಟ್ಟೂ ಹೊತ್ತಿಕೊಳ್ಳಬಹುದು. ಬಯಲಲ್ಲಿ, ಹುಲ್ಲಿಲ್ಲದ ಕಡೆ ಇಡಿಸಿದರು. ಪ್ರೊಪೆಲರ್ ಒಂದು ಕಡೆ ಮುರಿದಿತ್ತು. ಮೋಟರ್ ಕೂರಿಸುವ ಪ್ಲೈವುಡ್ ಹಲಗೆ, ನಾವು ಫೈರ್‌ವಾಲ್ ಅನ್ನುವುದು, ಫೋಮ್ ಸಮೇತ ಕಿತ್ತು ಬಂದಿತ್ತು. ಆಮೇಲೆ ಕೇಳಿದರು: "ಯಾವ ಕಡೆಗೆ ಅಲ್ಲಾಡ್ತಿತ್ತು?"

ಮೈದಾನದಲ್ಲಿ ಅವರನ್ನು ಕಂಡರೆ ಕೆಲವರಿಗೆ ಕಿರಿಕಿರಿ. ಎಸೆಯುವ ಮುಂಚೆ ಪ್ರತಿಸಲ ಅವೇ ಪ್ರಶ್ನೆಗಳು. ಅಂಥವರು ಪ್ರತಿ ಮೈದಾನದಲ್ಲೂ ಒಬ್ಬರಿರಬೇಕು ಅಂತ ನನಗನ್ನಿಸುತ್ತದೆ.

ಅಕ್ಕನ ಮಗನಿಗೆ ಎಲ್ಲ ಹೆಸರೂ ಬಾಯಿಪಾಠ. ಏಲೆರಾನ್, ಎಲಿವೇಟರ್, ರಡ್ಡರ್, ಕಂಟ್ರೋಲ್ ಹಾರ್ನ್. ಏಲೆರಾನ್ ಅಂದರೆ ಫ್ರೆಂಚಲ್ಲಿ ಪುಟ್ಟ ರೆಕ್ಕೆ ಅಂತಲೂ ಗೊತ್ತು. ಹಾಗೆ ಉರುಹೊಡೆಸಿದವನು ನಾನೇ. ಅದು ಎದ್ದರೆ ರೆಕ್ಕೆ ಏಳುತ್ತದೋ ಇಳಿಯುತ್ತದೋ ಅಂತ ಒಂದು ಸಲವೂ ಕೇಳಿರಲಿಲ್ಲ.

ಈ ವಾರವೆಲ್ಲ ಅದೇ ಯೋಚನೆ. ಅಪ್ಪನಿಗೆ ದಿನಾ ಫೋನ್ ಮಾಡುತ್ತೇನೆ. "ಮಾತ್ರೆ ತಗೊಂಡ್ರಾ?" "ತಗೊಂಡೆ." ಫೋನ್ ಇಡುತ್ತೇನೆ. ಯಾವ ಮಾತ್ರೆ, ಊಟಕ್ಕೆ ಮುಂಚೆಯೋ ಆಮೇಲೋ, ತಲೆಸುತ್ತು ಕಮ್ಮಿಯಾಯ್ತಾ, ಯಾವುದನ್ನೂ ಕೇಳಿಲ್ಲ. ಬುಧವಾರ ಕೇಳಿದೆ. ಇಪ್ಪತ್ತು ನಿಮಿಷ ಮಾತಾಡಿದರು.

ನಿನ್ನೆ ರಾತ್ರಿ ಫೈರ್‌ವಾಲ್ ಅಂಟಿಸಿದೆವು. ಹುಡುಗ ವಿಮಾನದ ಬಾಲದ ಹಿಂದೆ ನಿಂತ. ನಾನು ಸ್ಟಿಕ್ ಬಲಕ್ಕೆ ತಳ್ಳಿದೆ. "ಮಾಮ, ಬಲಗಡೆದು ಮೇಲೆ, ಎಡಗಡೆದು ಕೆಳಗೆ" ಅಂತ ಕೂಗಿ ಹೇಳಿದ. ಎಡಕ್ಕೆ ತಳ್ಳಿದೆ. ಅವನು ಬಗ್ಗಿ ನೋಡಿ, ಸ್ವಲ್ಪ ತಡೆದು, "ಇನ್ನೊಂದ್ಸಲ ಮಾಡು" ಅಂದ.