ಲಕ್ಕಿ ಧೂಪ ಕೊನೆಗೂ ಬುಡದವರೆಗೆ ಉರಿಯಿತು

ಸೊಳ್ಳೆಗೆಂದು ಲಕ್ಕಿ ಗಿಡದ ಸೊಪ್ಪಿನಿಂದ ಗೋಪುರದ ಆಕಾರದ ಧೂಪ ಮಾಡಲು ಹೊರಟಿದ್ದೆ. ಸೊಪ್ಪು ನೆರಳಲ್ಲಿ ಒಣಗಿಸಿ, ಪುಡಿ ಮಾಡಿ, ಜರಡಿ ಹಿಡಿದದ್ದೇನೂ ಕಷ್ಟವಾಗಲಿಲ್ಲ. ನನ್ನ ತಲೆ ತಿಂದದ್ದು ಒಂದೇ, ಅರ್ಧಕ್ಕೆ ಬಂದು ಆರುವ ಧೂಪ. ತುದಿ ಚೆನ್ನಾಗಿ ಹೊತ್ತಿಕೊಳ್ಳುತ್ತದೆ. ಬುಡದ ಹತ್ತಿರ ಬಂದ ಕೂಡಲೇ ಮುನಿಸಿಕೊಳ್ಳುತ್ತದೆ. ಮೂಡಿಗೆರೆಯ ಮಳೆಗಾಲ ಬೇರೆ. ಜುಲೈಯಲ್ಲಿ ಇಲ್ಲಿ ಬೆಂಕಿಕಡ್ಡಿಯೇ ಹತ್ತುವುದಿಲ್ಲ, ಇನ್ನು ಧೂಪ!

ಮೊದಲು ಅನುಮಾನ ಬಂದದ್ದು ಧೂಪದ ಪುಡಿ ಅಂಟಿಕೊಳ್ಳಲು ಹಾಕುವ ಜಿಗಟು ಪುಡಿಯ ಮೇಲೆ. ಅಂಗೈಯಲ್ಲಿ ಒಂದು ಚಿಟಿಕೆ ಹಾಕಿ, ನೀರು ಬಿಟ್ಟು ಉಜ್ಜಿದೆ. ಗುಳಮಾವಿನ ಮರದ ತೊಗಟೆಯದ್ದೇ ಆದರೆ ಬೆರಳು ಎತ್ತಿದಾಗ ಲೋಳೆ ಎಳೆ ಎಳೆಯಾಗಿ ಬರಬೇಕು. ಇದು ಬರೀ ತರಿತರಿ, ಅರ್ಧ ಮರದ ಹೊಟ್ಟು. ಅಂಗಡಿಯವನಿಗೆ ಫೋನ್ ಮಾಡಿದರೆ "ಸ್ಯಾಂಪಲ್ ಚೆನ್ನಾಗಿತ್ತಲ್ವಾ ಸರ್" ಅಂತಾನೆ. ಚೆನ್ನಾಗಿತ್ತು ಮಾರಾಯ, ಅದಕ್ಕೇ ಅಲ್ವಾ ಮೂಟೆ ತರಿಸಿದ್ದು! ಅಗರಬತ್ತಿಗೆಂದು ತೊಗಟೆ ಸುಲಿದೂ ಸುಲಿದೂ ಘಟ್ಟದ ಗುಳಮಾವಿನ ಮರಗಳೇ ಸೊರಗಿವೆ. ಕಲಬೆರಕೆ ಆಗದೆ ಇರುತ್ತಾ?

ಬೇರೆ ಕಡೆಯ ಜಿಗಟು ಹಾಕಿದೆ. ಧೂಪ ಬಿರುಕು ಬಿಡುವುದು ನಿಂತಿತು, ಆರುವುದು ನಿಲ್ಲಲಿಲ್ಲ. ಉರಿ ಹೆಚ್ಚಿಸುವ ಪೆಟ್ಲುಪ್ಪು ಹಾಕು ಅಂದರು ಗೆಳೆಯರು. ಹಾಕಿದರೆ ಸರಸರ ಉರಿದು ಮುಗಿಯುತ್ತದೆ. ನನಗೆ ಬೇಕಾದ್ದು ಅದಲ್ಲ, ನಿಧಾನದ ಕೆಂಡ. ಕೆಂಡದ ಸ್ವಲ್ಪ ಹಿಂದೆ, ಇನ್ನೂ ಸುಡದೆ ಬಿಸಿಯಾಗುವ ಜಾಗದಿಂದ ತಾನೇ ಲಕ್ಕಿಯ ಘಾಟು ಹೊರಡುವುದು? ಸೊಳ್ಳೆ ಬತ್ತಿ ಕೆಲಸ ಮಾಡುವುದೂ ಹಾಗೇ.

ಕೊನೆಗೆ ಆರಿದ ಧೂಪವೊಂದನ್ನು ಉದ್ದಕ್ಕೆ ಸೀಳಿದೆ. ಮೇಲೆ ಗರಿಗರಿ. ನಡುವಿನ ಕಪ್ಪು ತಿರುಳಿಗೆ ಉಗುರು ಒತ್ತಿದರೆ ಗುರುತು ಬೀಳುತ್ತಿತ್ತು. ಒಳಗಿನ ಪಸೆ ಹೊರಗೆ ಬರುವ ಮೊದಲೇ ಮೇಲ್ಪದರ ಗಟ್ಟಿಯಾಗುತ್ತದೆ. ಬುಡ ತಟ್ಟೆಗೆ ಒತ್ತಿ ಕೂರುವುದರಿಂದ ಗಾಳಿಯೂ ಆಡುವುದಿಲ್ಲ. ಗೋಪುರದ ಆಕಾರವನ್ನೇ ಕೈಬಿಟ್ಟೆ. ಲಕ್ಕಿ ಪುಡಿ 5 ಪಾಲು, ಕಾಫಿ ಗಿಡದ ಕಟ್ಟಿಗೆಯ ಇದ್ದಿಲು 3, ಜಿಗಟು 2. ಪೆನ್ಸಿಲಿಗಿಂತ ಸಣ್ಣ ಕಡ್ಡಿ ಹೊಸೆದು ಒಲೆಯ ಮೇಲಿನ ಅಟ್ಟದಲ್ಲಿ ಹರಡಿದೆ. ಒಣಗಿದ್ದನ್ನು ಜರಡಿ ಹಿಡಿದ ಬೂದಿಯ ಮೇಲೆ ಮಲಗಿಸಿ ಹಚ್ಚಿದೆ. ಈ ತುದಿಯಿಂದ ಆ ತುದಿಗೆ ಉರಿಯಿತು!

"ಕೆಂಡದ ಮೇಲೆ ಒಂದು ಹಿಡಿ ಹಸಿ ಲಕ್ಕಿ ಹಾಕಿದ್ರೆ ಆಗ್ತಿರಲಿಲ್ವಾ? ಕೊಟ್ಟಿಗೆಗೆ ನಾವು ಹಾಕೋದು ಅದನ್ನೇ" ಅಂದರು ಅತ್ತೆ. ಆಗುತ್ತಿತ್ತು. ಸುಮ್ನೆ ನಕ್ಕೆ.

ಜಿಗಟಿನ ಲೋಳೆ ಉಜ್ಜುವಾಗಲೇ ಮುಂದಿನ ಹುಚ್ಚೂ ಹತ್ತಿದೆ: ದಾಸವಾಳ ಸೊಪ್ಪಿನ ಗೊಂಪು, ಅಂದರೆ ಸೊಪ್ಪು ಕಿವುಚಿ ತೆಗೆದ, ತಲೆಗೆ ಹಚ್ಚುವ ಲೋಳೆ. ಎಣ್ಣೆ ಸ್ನಾನಕ್ಕೆ ಬಲು ಚಂದ, ಆದರೆ ಮರುದಿನಕ್ಕೆ ಹುಳಿ ವಾಸನೆ. ಎಲೆ ಒಣಗಿಸಿ ಪುಡಿ ಮಾಡಿಟ್ಟರೆ ನೀರು ಬಿದ್ದಾಗ ಅಷ್ಟೇ ಲೋಳೆ ಬಿಡುತ್ತಾ? ಮಾಡಿ ನೋಡಿದವರಿದ್ದರೆ ಎಷ್ಟು ನುಣ್ಣಗೆ ಪುಡಿ ಮಾಡಬೇಕು ಹೇಳಿ. ಮಿಕ್ಸಿ ಜಾರು ಲಕ್ಕಿ ವಾಸನೆ ಹೊಡೆಯುತ್ತಿದೆ, ಮನೆಯವಳು ಬೇರೆ ಜಾರು ಮುಟ್ಟಲು ಬಿಡುತ್ತಿಲ್ಲ.