ಪೊಟ್ಟಣದೊಳಗೆ ಒಂದು ತುಂಡು ತೊಗಟೆ

ಅಮೆರಿಕದ ಮಿನ್ನೆಸೋಟ ರಾಜ್ಯದ ಸೇಂಟ್ ಪಾಲ್‌ನಲ್ಲಿರುವ ಹರ್ಬೇರಿಯಂನಲ್ಲಿ, ಅಂದರೆ ಒಣಗಿಸಿದ ಗಿಡಗಳ ಸಂಗ್ರಹಾಲಯದಲ್ಲಿ, ಈ ಚಳಿಗಾಲ ಒಂದಿಡೀ ದಿನ ಲೈಕೆನ್‌ಗಳ ಚೀಟಿ ಓದಿ ಕಂಪ್ಯೂಟರಿಗೆ ಏರಿಸುತ್ತಾ ಕೂತಿದ್ದೆ. ಲೈಕೆನ್ ಅಂದರೆ ನಾವು ಮಸಾಲೆಗೆ ಹುರಿಯುವ ಕಲ್ಲುಹೂವಿನ ಬಳಗ. ಗಿಡಗಳ ಹಾಗೆ ಇವನ್ನು ಹಾಳೆಗೆ ಅಂಟಿಸಬೇಕಿಲ್ಲ. ಒಣಗಿಸಿ, ಕಾಗದದ ಪೊಟ್ಟಣದಲ್ಲಿಟ್ಟು, ಮೇಲೆ ಚೀಟಿ ಹಚ್ಚಿದರೆ ನೂರಾರು ವರ್ಷ ಇರುತ್ತವೆ. 1890ರ ದಶಕದಲ್ಲಿ ಲೈಕೆನ್ ತಜ್ಞ ಬ್ರೂಸ್ ಫಿಂಕ್ ಈ ರಾಜ್ಯ ಸುತ್ತಿ ಸಂಗ್ರಹಿಸಿದವು ಇವತ್ತಿಗೂ ಕೆಲಸಕ್ಕೆ ಬರುತ್ತಿವೆ.

ಇಲ್ಲಿನ ಪ್ರೇರಿ ಬಯಲು ಅಂದರೆ ಬರೀ ಹುಲ್ಲು, ಅಲ್ಲಿ ಲೈಕೆನ್ ಎಲ್ಲಿಂದ ಬರಬೇಕು ಅನ್ನಿಸುತ್ತದೆ, ಅಲ್ವಾ? ಆದರೆ ಹಿಮನದಿ ಬಿಟ್ಟುಹೋದ ಬಂಡೆಗಳಿವೆ, ಬೇಲಿ ಕಂಬಗಳಿವೆ, ಹುಲ್ಲು ತೆಳುವಾದ ಕಡೆ ಮಣ್ಣೇ ಸಾಕು. ಕಾಡಿನಂಚಿಗೆ ಬಂದರೆ ಬರ್ ಓಕ್ ಮರ. ಅದರ ತೊಗಟೆ ದಪ್ಪ, ಹುಲ್ಲಿಗೆ ಬಿದ್ದ ಬೆಂಕಿಯನ್ನೂ ತಡೆಯುತ್ತದೆ. ಬುಡದಲ್ಲಿರುವ ಲೈಕೆನ್ ಮಾತ್ರ ಸುಟ್ಟುಹೋಗುತ್ತದೆ. ಹಾಗಾಗಿ ಯಾವ ಮರ, ಎಷ್ಟು ಎತ್ತರ, ಬಂಡೆಯೋ ಮಣ್ಣೋ ಅನ್ನುವುದು ಹೆಸರಿಗಿಂತ ಜಾಸ್ತಿ ಮುಖ್ಯ ಅಂತ ನನಗೆ ಅನ್ನಿಸಿದೆ. ಹೆಸರು ಬದಲಾಗುತ್ತಲೇ ಇರುತ್ತದೆ. ಹಳೆಯ ಚೀಟಿಯಲ್ಲಿ ಪಾರ್ಮೆಲಿಯಾ ಕಪೆರಾಟಾ ಅಂತಿದ್ದದ್ದು 1986ರಲ್ಲಿ ಲೈಕೆನ್ ತಜ್ಞ ಮೇಸನ್ ಹೇಲ್ ಹೊಸ ಕುಲ ಮಾಡಿದ ಮೇಲೆ ಫ್ಲಾವೊಪಾರ್ಮೆಲಿಯಾ ಆಯಿತು. ಹೊಸ ಹೆಸರಿನ ಸಣ್ಣ ಚೀಟಿ ಬರುತ್ತದೆ, ಹಳೆಯದನ್ನು ಯಾರೂ ಕೀಳುವುದಿಲ್ಲ. ಯಾವುದರ ಮೇಲೆ ಬೆಳೆದಿತ್ತು ಅಂತ ಸರಿಯಾಗಿ ಬರೆಯದೆ ಬಿಟ್ಟಿದ್ದರೆ ಮಾತ್ರ ಆಮೇಲೆ ತುಂಬಲು ಆಗುವುದಿಲ್ಲ. ಅಂಥ ಪೊಟ್ಟಣ ಕೈಗೆ ಬಂದಾಗ ನಿಜಕ್ಕೂ ಸಂಕಟ ಆಗುತ್ತದೆ.

ಮಧ್ಯಾಹ್ನ ಅಂಥದ್ದೇ ಒಂದು ಬಂತು. ಊರು, ತಾರೀಖು ಇತ್ತು, ಆಮೇಲೆ ಸುಮ್ನೆ 'ಮರದ ಮೇಲೆ' ಅಂತಷ್ಟೇ. ಪಕ್ಕದಲ್ಲಿದ್ದ ಹಿರಿಯ ಸಿಬ್ಬಂದಿಯನ್ನು ಕೇಳಿದೆ. ಅವರು ಪೊಟ್ಟಣವನ್ನು ಟ್ರೇ ಮೇಲೆ ಮೆಲ್ಲಗೆ ಬಿಚ್ಚಿದರು. ಒಳಗೆ ಅಂಗೈಯಷ್ಟು ಲೈಕೆನ್, ಹಳದಿ ಬೆರೆತ ಹಸಿರು, ನಡುಭಾಗವೆಲ್ಲ ಹಿಟ್ಟು ಉದುರಿಸಿದಂತೆ. ಅದನ್ನು ತಿರುಗಿಸಿದರೆ ಹಿಂದೆ ತೊಗಟೆ ಅಂಟಿಕೊಂಡೇ ಇತ್ತು! ದಪ್ಪಗೆ, ಉದ್ದುದ್ದ ಆಳದ ಬಿರುಕುಗಳು. ಓಕ್ ಇರಬೇಕು ಅಂದರು, ಯಾವ ಓಕ್ ಅಂತ ಇಷ್ಟರಲ್ಲೇ ಹೇಳಲಾಗದು ಅಂತಲೂ ಸೇರಿಸಿದರು.

ಚೀಟಿಯ ಮಾತನ್ನು ಇದ್ದ ಹಾಗೇ 'ಮರದ ಮೇಲೆ' ಅಂತಲೇ ಏರಿಸಿದೆ, ಅಲ್ಲಿ ನಮ್ಮ ಊಹೆ ಸೇರಿಸಬಾರದು. ಷರಾ ಬರೆಯುವ ಕಡೆ 'ಪೊಟ್ಟಣದಲ್ಲಿ ತೊಗಟೆ ಇದೆ, ಬಹುಶಃ ಓಕ್' ಅಂತ ಹಾಕಿ, ಮುಂದಿನ ಪೊಟ್ಟಣ ತೆಗೆದುಕೊಂಡೆ.