ಮುಂದಿನ ಸಾಲೋ, ಹಿಂದಿನ ಸಾಲೋ

ಹಾಸನದ ಸಂಗೀತದ ಹುಚ್ಚರಲ್ಲಿ ಒಮ್ಮತ ಕಷ್ಟ. ಒಬ್ಬರಿಗೆ ಸ್ಟೇಡಿಯಂನಲ್ಲಿ ಎದೆ ನಡುಗಿಸುವ ಬೇಸ್ ಬೇಕು, ಇನ್ನೊಬ್ಬರು ಕರ್ನಾಟಕ ಸಂಗೀತದ ಗಾಯಕ ಆರ್.ಕೆ. ಶ್ರೀಕಂಠನ್ ಹುಟ್ಟಿದ ರುದ್ರಪಟ್ಟಣದ ಕಛೇರಿ ಬಿಟ್ಟು ಬೇರೆ ಮಾತೇ ಆಡಲ್ಲ. ಇಬ್ಬರ ಹಾಡೂ ಕೆಡುವುದು ಮಾತ್ರ ಒಂದೇ ಕಡೆ: ಸ್ಪೀಕರು ಗಾಯಕರ ಬೆನ್ನ ಹಿಂದಿದ್ದರೆ ಅದರ ಸದ್ದನ್ನೇ ಮೈಕು ಮತ್ತೆ ಹಿಡಿದು ಕುಂಯ್ ಅನ್ನುತ್ತೆ. ಸ್ಪೀಕರನ್ನು ಮೈಕಿಗಿಂತ ಮುಂದೆ, ಜನರ ಕಡೆ ತಿರುಗಿಸಿಡಿ. ವಾಲ್ಯೂಮ್ ಏರಿಸಿದರೆ ಇನ್ನೂ ಕೆಡುತ್ತೆ.

ಮಳೆಗಾಲದ ಕಛೇರಿಯಲ್ಲಿ ಮೃದಂಗದವರ ಕೈ ನೋಡಿ. ತೇವಕ್ಕೆ ಚರ್ಮ ಸಡಿಲಾಗಿ ಶ್ರುತಿ ಇಳಿಯುತ್ತೆ. ಬಲಗಡೆ ಅಂಚಿನ ಹೆಣಿಗೆಗೆ ಕಲ್ಲಿನಿಂದ ಸುತ್ತಲೂ ತಟ್ಟಿ ಏರಿಸುತ್ತಾರೆ. ಎಡಗಡೆ ನಡುವೆ ನೀರಲ್ಲಿ ಕಲಸಿದ ರವೆ. ನೇರ ಫ್ಯಾನ್ ಗಾಳಿ ಬಿದ್ದರೆ ಅದು ಒಣಗಿ ಉದುರುತ್ತೆ, ಗುಂ ಅನ್ನುವ ನಾದ ಹೋಗುತ್ತೆ. (ತಾಳವಾದ್ಯದವರಷ್ಟೇ ನುಡಿಸುವ ತನಿ ಶುರುವಾದ ಕೂಡಲೇ ಕಾಫಿಗೆ ಏಳುವವರಿಗೆ ಇದೆಲ್ಲ ಯಾಕೆ ಬಿಡಿ.)

ಮೈಕಿಲ್ಲದ ಕಛೇರಿಯಾದರೆ ನಾಲ್ಕನೇ ಸಾಲಿನೊಳಗೆ ಜಾಗ ಹಿಡಿಯಿರಿ, ತಂಬೂರಿಯೂ ಕೇಳುತ್ತೆ. ಬಯಲಲ್ಲಿ ವೇದಿಕೆಯಿಂದ 34 ಮೀಟರ್ ಹಿಂದಿದ್ದರೆ ಡ್ರಮ್ಮಿನ ಏಟು ಕಣ್ಣಿಗೆ ಮೊದಲು, ಕಿವಿಗೆ ಸೆಕೆಂಡಿನ ಹತ್ತನೇ ಒಂದು ಭಾಗ ತಡವಾಗಿ. ತಾಳ ಹಾಕುವ ಚಪಲ ಇದ್ದವರು ಅಲ್ಲಿ ಕಣ್ಣು ಮುಚ್ಚಿಕೊಂಡೇ ಹಾಕಬೇಕು.